ಗುರುವಾರದ ಪೆಟ್ಟಿಗೆಗಳು

ಟ್ಯಾಮರ್ಯಾಕ್ ಫಾಲ್ಸ್, ಒಂಟಾರಿಯೊ
16 ಅಕ್ಟೋಬರ್ 2016

ಪ್ರಿಯ ಐಲಾ,

ನಿನ್ನ ವಿಳಾಸ ನಿನ್ನ ತಂಗಿಯಿಂದ ಸಿಕ್ಕಿತು. ಸುಲಭಕ್ಕೆ ಕೊಡಲಿಲ್ಲ, ಮೂರು ಸಲ ಫೋನು ಮಾಡಿದ ಮೇಲೆ ಕೊಟ್ಟಳು. ನಿನ್ನ ನಂಬರಿಗೆ ಕರೆ ಹೋಗುತ್ತಿಲ್ಲ. ಆನ್‌ಲೈನಿನಲ್ಲಿ ಹುಡುಕಿದರೆ ನಿನ್ನ ಹೆಸರೇ ಎಲ್ಲೂ ಇಲ್ಲ. ಹಾಗಾಗಿ ಕಾಗದ. ನಾನು ಕೊನೆಯದಾಗಿ ಕಾಗದ ಬರೆದದ್ದು ನಮ್ಮ ಮನೆಯವರು ಹ್ಯಾಂಕ್ ತೀರಿಕೊಂಡಾಗ, ಹೂವು ಕಳಿಸಿದವರಿಗೆ. ಅಕ್ಷರ ಕೆಟ್ಟಿದೆ, ಸಹಿಸಿಕೋ.

ಊರಲ್ಲಿ ಎಲ್ಲ ಇದ್ದ ಹಾಗೇ ಇದೆ. ಮೊದಲ ಹಿಮ ಬಿದ್ದು ಕರಗಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನನ್ನ ತಮ್ಮ ವಾಲ್ಟರ್‌ನನ್ನು ಕರೆದಿದ್ದೆ, ಬರಲಿಲ್ಲ. ಕಾಗದದ ಮಿಲ್ಲು ಮುಚ್ಚಿದಾಗಿನಿಂದ ಅವನಿಗೆ ಯಾರೂ ಬೇಡ. ಟರ್ಕಿ ಕೋಳಿಯನ್ನು ಒಬ್ಬಳೇ ಐದು ದಿನ ತಿಂದೆ.

ಸೆಪ್ಟೆಂಬರಿನ ವಿಷಯ ಬರೆಯಬೇಕು. ಆ ಗುರುವಾರ ಚರ್ಚಿನ ಹಿಂಬಾಗಿಲಲ್ಲಿ ನೀನು ಆಹಾರ ಭಂಡಾರದ ಪೆಟ್ಟಿಗೆಗಳನ್ನು ನಿನ್ನ ಕಾರಿನ ಡಿಕ್ಕಿಗೆ ತುಂಬುತ್ತಿದ್ದೆಯಲ್ಲ, ಅದರ ಫೋಟೋ ಯಾರೋ ತೆಗೆದು ಆನ್‌ಲೈನಿನಲ್ಲಿರುವ ಊರಿನ ಪುಟಕ್ಕೆ ಕಳಿಸಿದ್ದರು. ಪುಟ ನೋಡಿಕೊಳ್ಳುವವಳು ನಾನಾದ್ದರಿಂದ ಅದು ಪುಟದ ಹೆಸರಿನಲ್ಲಿ ಹೋಯಿತು. ಜೊತೆಗಿದ್ದದ್ದು ಒಂದೇ ಸಾಲು: 'ಬಡವರಿಗೆ ಬಂದದ್ದು ಹೋಗುತ್ತಿರುವುದು ಎಲ್ಲಿಗೆ?' ಅದು ಬರೀ ಪ್ರಶ್ನೆ. ಜನ ಹಾಗೆ ಮುಗಿಬೀಳುತ್ತಾರೆಂದು ಯಾರಿಗೆ ಗೊತ್ತಿತ್ತು ಹೇಳು. ನಿನ್ನ ಮನೆಯ ಮೆಟ್ಟಿಲ ಮೇಲೆ ಕೊಳೆತ ಡಬ್ಬಿಗಳನ್ನು ಸುರಿದವರು ಯಾರೋ ಪುಂಡರು. ಅದನ್ನು ನಾನು ಒಪ್ಪುವುದಿಲ್ಲ, ಪುಟದಲ್ಲೂ ಹಾಗೆಂದು ಬರೆದೆ.

ನೀನು ಹೋಗುವಾಗ ನನಗೆ ಹೇಳಿ ಹೋಗಬಹುದಿತ್ತು. ಇಪ್ಪತ್ತೆಂಟು ವರ್ಷ ಒಂದೇ ಚರ್ಚಿನ ಒಂದೇ ಸಾಲಿನಲ್ಲಿ ಕೂತವರು ನಾವು.

ಬರೆ.

ಡೊರೀನ್


ಪ್ರಿನ್ಸ್ ರೂಪರ್ಟ್, ಬ್ರಿಟಿಷ್ ಕೊಲಂಬಿಯ
4 ನವೆಂಬರ್ 2016

ಶ್ರೀಮತಿ ಪ್ರುಸ್ಕಿ ಅವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಕ್ಷೇಮ. ಇಲ್ಲಿ ಬಂದರಿನ ಹತ್ತಿರ ನಾವಿಕರು ತಂಗುವ ಮನೆಯೊಂದರಲ್ಲಿ ಅಡುಗೆಯ ಕೆಲಸ ಸಿಕ್ಕಿದೆ, ಮೇಲೆ ಒಂದು ಕೋಣೆಯೂ ಇದೆ. ದಿನವೂ ಮಳೆ.

ನನ್ನ ವಿಳಾಸವನ್ನು ಬೇರೆ ಯಾರಿಗೂ ಕೊಡಬೇಡಿ.

ಒಂದು ಮಾತು ಕೇಳಬೇಕಿದೆ. ಗುರುವಾರದ ಪೆಟ್ಟಿಗೆಗಳು ಈಗಲೂ ಹೊರಗೆ ಹೋಗುತ್ತಿವೆಯೇ?

ಇಂತಿ,
ಐಲಾ ಲಹ್ತಿ


ಟ್ಯಾಮರ್ಯಾಕ್ ಫಾಲ್ಸ್
19 ನವೆಂಬರ್ 2016

ಐಲಾ,

'ಶ್ರೀಮತಿ ಪ್ರುಸ್ಕಿ' ಎಂದು ನೋಡಿ ಲಕೋಟೆ ಬದಲಾಗಿ ಬಂದಿದೆಯೇನೋ ಅಂದುಕೊಂಡೆ. ಇರಲಿ. ಕೋಪ ಇರುತ್ತದೆ.

ಪೆಟ್ಟಿಗೆಗಳ ಚಿಂತೆ ನಿನಗೆ ಬೇಡ. ನೀನು ಹೋದ ಮೇಲೆ ಸಮಿತಿಯವರು ಸೇರಿ ನಿಯಮ ಮಾಡಿದರು. ಈಗ ಒಂದು ಡಬ್ಬಿಯೂ ಹೊರಗೆ ಹೋಗುವ ಹಾಗಿಲ್ಲ. ಬೇಕಾದವರು ತಾವೇ ಬಂದು, ಗುರುತಿನ ಚೀಟಿ ತೋರಿಸಿ, ಸಹಿ ಹಾಕಿ ಒಯ್ಯಬೇಕು. ಪುಟದಲ್ಲಿ ಇದಕ್ಕೆ ಎಷ್ಟು ಜನ ಮೆಚ್ಚುಗೆ ಹಾಕಿದರು ಗೊತ್ತೇ? ನಡೆದ ಗಲಾಟೆಯಿಂದ ಅಷ್ಟಾದರೂ ಒಳ್ಳೆಯದಾಯಿತು.

ನನಗೆ ಇವತ್ತಿಗೂ ಅರ್ಥವಾಗದ್ದು ಒಂದೇ. 'ಪೆಟ್ಟಿಗೆ ಇಂಥಲ್ಲಿಗೆ ಒಯ್ಯುತ್ತಿದ್ದೆ' ಎಂದು ನೀನು ಒಂದು ಮಾತು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಎರಡು ವಾರ ಜನ ಕೇಳಿದರು. ನೀನು ತುಟಿ ಬಿಚ್ಚಲಿಲ್ಲ. ತಪ್ಪಿಲ್ಲದವರು ಸುಮ್ಮನಿರುತ್ತಾರೆಯೇ? ನಾನು ಹೇಳುತ್ತಿಲ್ಲ, ಜನ ಹಾಗೆ ಅಂದರು.

ಬೆಳಿಗ್ಗೆ ಎದ್ದು ಕಾಫಿಗೆ ನೀರಿಟ್ಟು ಫೋನು ತೆಗೆದರೆ ಕೆಂಪು ಚುಕ್ಕೆಯೊಳಗೆ ಪುಟಕ್ಕೆ ಬಂದ ಸಂದೇಶಗಳ ಲೆಕ್ಕ ನಲವತ್ತೋ ಐವತ್ತೋ ಇರುತ್ತದೆ. ಹ್ಯಾಂಕ್ ಇದ್ದಾಗ ಬೈಯುತ್ತಿದ್ದರು. ಈಗ ಈ ಮನೆಯಲ್ಲಿ ನನ್ನನ್ನು ಏನಾದರೂ ಕೇಳುವುದೆಂದರೆ ಅದೊಂದೇ. ಕಳೆದುಹೋದ ನಾಯಿ, ಹಿಮ ತೆಗೆಯದ ರಸ್ತೆ, ಮಾರಾಟಕ್ಕಿರುವ ಸೋಫಾ, ಎಲ್ಲಕ್ಕೂ ನಾನೇ ಉತ್ತರ ಕೊಡಬೇಕು.

ಆ ಊರಲ್ಲಿ ನಿನಗೆ ಮಾತಾಡಲು ಯಾರಾದರೂ ಇದ್ದಾರೆಯೇ?

ಡೊರೀನ್


ಪ್ರಿನ್ಸ್ ರೂಪರ್ಟ್
8 ಡಿಸೆಂಬರ್ 2016

ಶ್ರೀಮತಿ ಪ್ರುಸ್ಕಿ ಅವರಿಗೆ,

ಹೊಸ ನಿಯಮದ ಸುದ್ದಿ ಓದಿ ಎರಡು ದಿನ ಕೆಲಸ ಮಾಡಲಾಗಲಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಆ ಪೆಟ್ಟಿಗೆಗಳು ಮೂರು ಮನೆಗಳಿಗೆ ಹೋಗುತ್ತಿದ್ದವು. ಚರ್ಚಿನ ನೆಲಮಾಳಿಗೆಯಲ್ಲಿ ಊರವರ ಕಣ್ಣೆದುರು ಸಾಲಿನಲ್ಲಿ ನಿಲ್ಲಲು ಆಗದವರ ಮನೆಗಳು. ಪಾದ್ರಿ ಕೊಸ್ಕಿಯವರು ಆರು ವರ್ಷದ ಹಿಂದೆ ಈ ಏರ್ಪಾಡು ಮಾಡಿ ನನಗೆ ಒಪ್ಪಿಸಿದ್ದರು. "ಹೆಸರು ನಿನ್ನ ಹೊಟ್ಟೇಲಿರ್ಲಿ ಐಲಾ, ಕಾಗದದ ಮೇಲೆ ಬೇಡ" ಅಂದಿದ್ದರು. ಅವರು ಜುಲೈಯಲ್ಲಿ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಜನ ನನ್ನನ್ನು ಕೇಳಿದಾಗ ಈ ವಿಷಯ ತಿಳಿದಿದ್ದವಳು ನಾನೊಬ್ಬಳೇ. ನನ್ನ ಹೆಸರು ಉಳಿಸಿಕೊಳ್ಳಲು ಆ ಮನೆಯವರ ಹೆಸರು ಹೇಳಬೇಕಿತ್ತು.

ಆ ಫೋಟೋದ ಕೆಳಗೆ ಬಂದ ನಾಲ್ಕು ನೂರ ಹನ್ನೆರಡು ಮಾತುಗಳನ್ನೂ ಓದಿದ್ದೇನೆ. ಓದಬಾರದಿತ್ತು, ಓದಿದೆ. ಕೆರೆಯಲ್ಲಿ ನಾನೇ ಈಜು ಕಲಿಸಿದ ಹುಡುಗಿಯೊಬ್ಬಳು, ಈಗ ಎರಡು ಮಕ್ಕಳ ತಾಯಿ, 'ಇವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು' ಎಂದು ಬರೆದಿದ್ದಳು. ಫೋಟೋದಲ್ಲಿ ನಾನು ಕೈ ಎತ್ತಿದ್ದೇನಲ್ಲ, ಮುಖ ಮುಚ್ಚಿಕೊಳ್ಳುತ್ತಿದ್ದಾಳೆ ಎಂದು ತುಂಬ ಜನ ಬರೆದರು. ನಾನು ಮುಖ ಮುಚ್ಚಿಕೊಂಡದ್ದಲ್ಲ. ರಸ್ತೆಯಾಚೆ ಸಲೂನಿನ ಕಿಟಕಿಯಲ್ಲಿ ಪರಿಚಯದವರು ಕೂತಿದ್ದರು, ಕೂದಲಿಗೆ ಬಣ್ಣ ಹಚ್ಚಿಸಿಕೊಂಡು. ಅವರಿಗೆ ಕೈ ಬೀಸಿದೆ.

ಈಗ ಕೆಲಸದ ಮಾತು. ಮೂರೂ ಮನೆಗಳಿಗೆ ಪತ್ರ ಬರೆದು, ಅವರ ಹೆಸರನ್ನು ನಿಮಗೆ ತಿಳಿಸಬಹುದೇ ಎಂದು ಕೇಳಿದೆ. ಇಬ್ಬರು ಒಪ್ಪಿದ್ದಾರೆ, ಅವರ ವಿಳಾಸ ಬೇರೆ ಚೀಟಿಯಲ್ಲಿದೆ, ಪೆಟ್ಟಿಗೆ ತಲುಪಿಸಿ. ಓದಿ ಒಲೆಗೆ ಹಾಕಿ. ಮೂರನೆಯವರಿಂದ ಉತ್ತರ ಬಂದಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ, ಆದ್ದರಿಂದ ಬರೆಯಲಾರೆ. ಕ್ರಿಸ್‌ಮಸ್ಸಿಗೆ ಮೊದಲು ಊರಲ್ಲಿ ಒಂಟಿಯಾಗಿರುವವರ ಬಾಗಿಲು ತಟ್ಟಿ ನೋಡಿ. ನಿಮ್ಮ ಕಡೆಯವರಿಂದಲೇ ಶುರು ಮಾಡಿ.

ಮಾತಾಡಲು ಯಾರಿದ್ದಾರೆ ಎಂದು ಕೇಳಿದ್ದೀರಿ. ಹಡಗಿನವರು ಎರಡು ದಿನ ಇರುತ್ತಾರೆ, ಹೋಗುತ್ತಾರೆ. ನನಗೆ ಅದು ಒಗ್ಗಿದೆ.

ಐಲಾ ಲಹ್ತಿ


ಟ್ಯಾಮರ್ಯಾಕ್ ಫಾಲ್ಸ್
15 ಜನವರಿ 2017

ಐಲಾ,

ಈ ಕಾಗದವನ್ನು ನಾಲ್ಕು ಸಲ ಹರಿದೆ.

ಕಿಟಕಿಯಲ್ಲಿ ಕೂತಿದ್ದವಳು ನಾನು. ಫೋಟೋ ತೆಗೆದವಳೂ ನಾನೇ. 'ಯಾರೋ ಕಳಿಸಿದರು' ಎಂದು ನಿನಗೆ ಬರೆದದ್ದು ಸುಳ್ಳು. ಆ ಸಾಲು ಬರೆದವಳೂ ನಾನು. ನೀನು ಕೈ ಬೀಸಿದ್ದು ನನಗೆ ಕಂಡಿತ್ತು ಐಲಾ. ತಲೆ ತೊಳೆದು ಒರೆಸಿಕೊಳ್ಳುವಷ್ಟರಲ್ಲಿ ಅದಕ್ಕೆ ಅರವತ್ತು ಜನ ಉತ್ತರ ಬರೆದಿದ್ದರು. ಅಷ್ಟು ಬೇಗ ಅಷ್ಟು ಜನ ನನ್ನ ಮಾತಿಗೆ ತಿರುಗಿ ಮಾತಾಡಿದ್ದು ಅದೇ ಮೊದಲು. ರಸ್ತೆ ದಾಟಿ ಬಂದು 'ಏನೇ ಅದು' ಎಂದು ಕೇಳಲು ಇಪ್ಪತ್ತು ಹೆಜ್ಜೆ ಸಾಕಿತ್ತು. ಕೇಳಲಿಲ್ಲ.

'ನಿಮ್ಮ ಕಡೆಯವರಿಂದಲೇ ಶುರು ಮಾಡಿ' ಎಂದದ್ದನ್ನು ಚುಚ್ಚುಮಾತು ಎಂದುಕೊಂಡೆ. ಒಪ್ಪಿದ ಎರಡು ಮನೆಗಳಿಗೆ ನನ್ನ ಅಡುಗೆಮನೆಯಿಂದಲೇ ಪೆಟ್ಟಿಗೆ ತುಂಬಿ ಒಯ್ದೆ. ವಾಲ್ಟರ್‌ನ ಮನೆಗೆ ಹೋಗಲಿಲ್ಲ. ಕರೆದರೂ ಬಾರದವನ ಬಾಗಿಲಿಗೆ ನಾನ್ಯಾಕೆ ಹೋಗಲಿ ಎಂದು ಬಿಗುಮಾನ. ಜನವರಿ ಮೂರಕ್ಕೆ ಹೋದೆ.

ಮನೆಯ ಮುಂದಿನ ಹಿಮದಲ್ಲಿ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಟ್ರಕ್ಕು ಕಾಣಲಿಲ್ಲ, ಶರತ್ಕಾಲದಲ್ಲೇ ಮಾರಿದ್ದನಂತೆ. ಒಳಗೆ ಅವನು ಎರಡು ಕೋಟು ಹಾಕಿಕೊಂಡು ಒಲೆಯ ಮುಂದೆ ಕೂತಿದ್ದ. ಒಲೆಯೊಳಗೆ ಅಮ್ಮನ ಕಾಲದ ಕುರ್ಚಿಯ ಕಾಲು ಉರಿಯುತ್ತಿತ್ತು. ಬೀರುವಿನಲ್ಲಿ ಅರ್ಧ ಚೀಲ ಹಿಟ್ಟು, ಹೋಟೆಲಿನ ಸಾಸಿನ ಪುಟ್ಟ ಪೊಟ್ಟಣಗಳು, ಇನ್ನೇನೂ ಇಲ್ಲ. ಸಕ್ಕರೆ ಕಾಯಿಲೆಯವನು, ಔಷಧಿ ಬಿಟ್ಟು ತಿಂಗಳಾಗಿತ್ತು. ಎಡಗಾಲು ನೋಡಿ ನಾನು ಹೊರಗೆ ಬಂದು ಆಂಬ್ಯುಲೆನ್ಸಿಗೆ ಫೋನು ಮಾಡಿದೆ. ಥಂಡರ್ ಬೇಯ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಪ್ರಾಣಕ್ಕೆ ಅಪಾಯವಿಲ್ಲ. ನೀನು ಒಪ್ಪಿಗೆ ಕೇಳಿ ಬರೆದ ಕಾಗದ ಅವನ ಮೇಜಿನ ಮೇಲೆ ಒಡೆದು ಬಿದ್ದಿತ್ತು, ಮೇಲೊಂದು ಖಾಲಿ ಲೋಟ ಇಟ್ಟಿದ್ದ. ಮೂರನೆಯ ಮನೆ ಯಾರದೆಂದು ಆಗ ತಿಳಿಯಿತು.

ಮೂರನೆಯ ದಿನ ಎಚ್ಚರವಾಗಿ ಕೂತಾಗ ಕೇಳಿದೆ, "ನಂಗೊಂದು ಮಾತು ಯಾಕೋ ಹೇಳ್ಲಿಲ್ಲ?"

"ಯಾರಿಗೆ ಹೇಳ್ಬೇಕಿತ್ತು? ನಿಂಗಾ, ನಿನ್ನ ಪುಟಕ್ಕಾ?"

ನಾನು ಅವನ ಹೊದಿಕೆ ಸರಿಮಾಡಹೋದೆ.

"ಟ್ರಕ್ ಓಡಿಸ್ಕೊಂಡು ಬಂದು ಪುಕ್ಕಟೆ ಊಟ ಹೊತ್ಕೊಂಡು ಹೋಗ್ತಾರೆ, ನಾಚಿಕೆ ಇಲ್ಲ ಅಂತ ಬರೆದಿದ್ದೆಯಲ್ಲ ಅಕ್ಕಾ, ಹೋದ ವರ್ಷ. ಆಗ ನನ್ನ ಹತ್ರ ಟ್ರಕ್ ಇತ್ತು."

ನಾನು ಅದನ್ನು ಬರೆದದ್ದು ನನಗೆ ನೆನಪೇ ಇರಲಿಲ್ಲ. ಹುಡುಕಿ ನೋಡಿದೆ. ಇತ್ತು.

ಆಮೇಲೆ ಗೋಡೆಯ ಕಡೆ ತಿರುಗಿಕೊಂಡು ಅಂದ, "ಆಕೆ ಕಳ್ಳಿ ಅಲ್ಲ, ನಂಗೊತ್ತು ಅಂತ ನಾನೊಂದು ಸಾಲು ಹಾಕಿದ್ದೆ. ಅರ್ಧ ಗಂಟೇಲಿ ನೀನದನ್ನ ಅಳಿಸ್ಬಿಟ್ಟೆ."

ಅಳಿಸಿದ್ದೆ ಐಲಾ. ಕುಡಿದು ಏನೋ ಬರೆದಿದ್ದಾನೆ, ಜನರ ಮುಂದೆ ನನ್ನ ಮರ್ಯಾದೆ ತೆಗೆಯುತ್ತಾನೆ ಎಂದು ಅಳಿಸಿ, ಅವನನ್ನು ಪುಟದಿಂದಲೇ ಹೊರಗೆ ಹಾಕಿದ್ದೆ. ನಾಲ್ಕು ನೂರ ಹನ್ನೆರಡನ್ನೂ ಓದಿದ ನಿನಗೆ ಓದಲು ಸಿಗದೇ ಹೋದದ್ದು ಆ ಒಂದೇ ಒಂದು.

ಕ್ಷಮಿಸು ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ.

ಡೊರೀನ್


ಟ್ಯಾಮರ್ಯಾಕ್ ಫಾಲ್ಸ್
26 ಮಾರ್ಚ್ 2017

ಐಲಾ,

ಹತ್ತು ವಾರವಾಯಿತು. ನಿನ್ನಿಂದ ಏನೂ ಇಲ್ಲ. ಕೇಳುವ ಹಕ್ಕು ನನಗಿಲ್ಲ, ನಡೆದದ್ದನ್ನು ಹೇಳಿಬಿಡುತ್ತೇನೆ.

ಪುಟದಲ್ಲಿ ನಿಜ ಬರೆಯಬೇಕೆಂದು ವಾಲ್ಟರ್‌ನನ್ನು ಕೇಳಿದೆ. "ನನ್ನ ಹೆಸ್ರು ಹಾಕಿದ್ರೆ ನಿನ್ನ ಮುಖ ನೋಡಲ್ಲ" ಅಂದ. ಆಗ ನಿನ್ನ ಕಷ್ಟ ಏನಿತ್ತೆಂದು ತಿಳಿಯಿತು. ಕೊನೆಗೆ ನನ್ನ ಸ್ವಂತ ಹೆಸರಿನಲ್ಲಿ ಇಷ್ಟು ಬರೆದೆ: 'ಸೆಪ್ಟೆಂಬರಿನ ಆ ಫೋಟೋ ತೆಗೆದವಳು ನಾನು. ವಿಚಾರಿಸದೆ ಹಾಕಿದೆ. ಐಲಾ ಲಹ್ತಿ ತನಗೆ ಒಪ್ಪಿಸಿದ ಕೆಲಸವನ್ನು ಮಾಡುತ್ತಿದ್ದಳು. ಪೆಟ್ಟಿಗೆ ಯಾರಿಗೆ ಎಂದು ಕೇಳಬೇಡಿ, ಹೇಳುವುದಿಲ್ಲ. ಅವಳ ಬಗ್ಗೆ ಬರೆದವರೆಲ್ಲ ಬರೆದದ್ದನ್ನು ಇನ್ನೊಮ್ಮೆ ಓದಿಕೊಳ್ಳಿ.'

ಒಂಬತ್ತು ಜನ ಉತ್ತರ ಬರೆದರು. ಅದರಲ್ಲಿ ಇಬ್ಬರು ಹಿಮದ ಮೇಲೆ ಓಡಿಸುವ ಸ್ಕೂಟರ್ ಮಾರಾಟಕ್ಕಿದೆಯೇ ಎಂದು ಕೇಳಿದ್ದರು. ನೀನು ಈಜು ಕಲಿಸಿದ ಆ ಹುಡುಗಿ ಒಂದು ಅಳುವ ಮುಖದ ಚಿತ್ರ ಹಾಕಿದಳು, ಸಂಜೆಯೊಳಗೆ ತೆಗೆದಳು.

ಮರುವಾರ ಯಾರೋ ಅಂಗಡಿಯಲ್ಲಿ ನಾನು ಬ್ರೆಡ್ ಆರಿಸುತ್ತಿರುವ ಫೋಟೋ ಹಾಕಿದರು. 'ಊರಿಗೆ ಬುದ್ಧಿ ಹೇಳುವ ಮುದುಕಿ' ಎಂದು ಕೆಳಗೆ. ಅದು ನನ್ನ ಬೆನ್ನಿನ ಫೋಟೋ. ನನ್ನ ಕೋಟಿನ ಹಿಂದೆ ಅಷ್ಟು ದೊಡ್ಡ ತೇಪೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಈಗ ಅಂಗಡಿಗೆ ಹೋದರೆ ಗೋಡೆಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಇದನ್ನು ನಿನ್ನ ಕನಿಕರಕ್ಕೆಂದು ಬರೆಯುತ್ತಿಲ್ಲ.

ಪುಟ ಮುಚ್ಚಿದೆ. ಮಧ್ಯಾಹ್ನದೊಳಗೆ ಊರಿನವರು ಇನ್ನೊಂದು ಶುರು ಮಾಡಿಕೊಂಡರು. ನನ್ನನ್ನು ಸೇರಿಸಿಕೊಂಡಿಲ್ಲ. ಫೋನು ಈಗ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಫ್ರಿಜ್ಜು ಸದ್ದು ಮಾಡಿದರೂ ತಿರುಗಿ ನೋಡುತ್ತೇನೆ.

ಭಂಡಾರದ ಸಮಿತಿಯ ಮುಂದೆ ನಿಂತು ಎಲ್ಲ ಹೇಳಿದೆ, ಹೆಸರು ಬಿಟ್ಟು. ಬಾಗಿಲಿಗೆ ಒಯ್ದುಕೊಡುವ ಏರ್ಪಾಡು ಮತ್ತೆ ಬಂದಿದೆ. ಕಳವಿನ ವಿಷಯ ಬರೆದಿದ್ದ ನಡಾವಳಿಯಿಂದ ನಿನ್ನ ಹೆಸರು ತೆಗೆದರು. ಗುರುವಾರ ಈಗ ನಾನು ಹೋಗುತ್ತೇನೆ. ಎರಡು ಮನೆಯವರು ತೆಗೆದುಕೊಳ್ಳುತ್ತಾರೆ. ವಾಲ್ಟರ್ ಆಸ್ಪತ್ರೆಯಿಂದ ತನ್ನ ಮನೆಗೆ ಬಂದಿದ್ದಾನೆ, ನರ್ಸ್ ಬಂದು ಗಾಯ ನೋಡಿ, ಸೂಪು ಬಿಸಿಮಾಡಿ ಕೊಟ್ಟು ಹೋಗುತ್ತಾಳೆ. ನಾನು ಮೆಟ್ಟಿಲ ಮೇಲೆ ಇಟ್ಟ ಪೆಟ್ಟಿಗೆ ಮುಂದಿನ ಗುರುವಾರವೂ ಹಾಗೇ ಇರುತ್ತದೆ, ಮೇಲೆ ಹಿಮ ಕೂತಿರುತ್ತದೆ. ಪರದೆ ಅಲ್ಲಾಡುತ್ತದೆ, ಬಾಗಿಲು ತೆರೆಯುವುದಿಲ್ಲ. ನೀನು ಆರು ವರ್ಷ ಅವನಿಗೆ ಹೇಗೆ ಕೊಟ್ಟೆ? ಅದನ್ನಾದರೂ ಹೇಳು.

ಡೊರೀನ್


ಪ್ರಿನ್ಸ್ ರೂಪರ್ಟ್
2 ಮೇ 2017

ಡೊರೀನ್,

ನಿನ್ನ ಜನವರಿಯ ಕಾಗದ ಓದಿ ಅಟ್ಟದ ಮೇಲೆ ಎಸೆದಿದ್ದೆ. ಮಾರ್ಚಿನದನ್ನು ತಿಂಗಳು ಒಡೆಯಲಿಲ್ಲ.

ಫೋಟೋ ನೀನು ತೆಗೆದದ್ದೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ನೀನಾಗಿ ಹೇಳುತ್ತೀಯೋ ಇಲ್ಲವೋ ಎಂದು ಕಾದೆ. ಕಾಯುತ್ತ ಕೂತದ್ದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಬರೆಯಲೆಂದೇ ಪೆನ್ನು ಹಿಡಿದಿದ್ದೇನೆ. ಸೆಪ್ಟೆಂಬರಿನಲ್ಲಿ ನಾನು ಬಸ್ಸು ಹತ್ತಿದಾಗ ವಾಲ್ಟರ್ ನೆನಪಾಗಲಿಲ್ಲ. ನನಗಾದ ಅವಮಾನವೊಂದೇ ಕಣ್ಣ ಮುಂದಿತ್ತು. ನೆನಪಾದ ಮೇಲೂ, ಕೊಟ್ಟ ಮಾತಿದೆ ಎಂದು ಸುಮ್ಮನಿದ್ದೆ. ಗುಟ್ಟು ಉಳಿಯಿತು, ಅವನು ಹಸಿದ. ಆ ಎರಡು ಬೆರಳುಗಳಲ್ಲಿ ಒಂದು ನನ್ನ ಲೆಕ್ಕಕ್ಕೂ ಇರಲಿ.

ಅವನಿಗೆ ಹೇಗೆ ಕೊಟ್ಟೆ ಎಂದು ಕೇಳಿದ್ದೀಯ. ಬರೀ ಪೆಟ್ಟಿಗೆ ಒಯ್ದರೆ ಅವನು ತೆಗೆದುಕೊಳ್ಳುವುದಿಲ್ಲ. ಏನಾದರೂ ಕೆಲಸವನ್ನೂ ಒಯ್ಯಿ. ಮೊಂಡಾದ ಚಾಕು, ಕಾಲು ಅಲ್ಲಾಡುವ ಸ್ಟೂಲು, ಓಡದ ಗಡಿಯಾರ. 'ಇದೊಂದು ನೋಡು, ಅವಸರ ಇಲ್ಲ' ಎಂದು ಇಟ್ಟು ಬಾ. ಮುಂದಿನ ಗುರುವಾರ ಅದು ಸರಿಯಾಗಿ ಮೆಟ್ಟಿಲ ಮೇಲಿರುತ್ತದೆ. ಪೆಟ್ಟಿಗೆ ಕೂಲಿ ಎಂದು ಅವನು ಅಂದುಕೊಳ್ಳುತ್ತಿದ್ದ, ನಾನೂ ಹಾಗೆಂದೇ ಅಂದುಕೊಳ್ಳುತ್ತಿದ್ದೆ. ಕೊನೆಕೊನೆಗೆ ನನ್ನ ಮನೆಯಲ್ಲಿ ಮುರಿದದ್ದು ಏನೂ ಉಳಿಯದೆ ನಾನೇ ಕೆಡಿಸಿ ಒಯ್ಯುತ್ತಿದ್ದೆ. ಮೊದಲ ಎರಡು ತಿಂಗಳು ಮಾತಾಡಬೇಡ. ಆಮೇಲೆ ಅವನೇ ಕೆರೆಯ ಮೀನಿನ ವಿಷಯ ತೆಗೆಯುತ್ತಾನೆ. ಎಷ್ಟು ಸುಳ್ಳು ಹೇಳಿದರೂ ಒಪ್ಪಿಕೋ.

ಕ್ಷಮಿಸಿದ್ದೇನೆ ಎಂದು ಬರೆಯಲು ನೋಡಿದೆ. ಇನ್ನೂ ಆಗಿಲ್ಲ, ಆಗದ್ದನ್ನು ಬರೆಯಬಾರದು. ಊರಿಗೆ ತಿರುಗಿ ಬರುವುದೂ ಇಲ್ಲ. ಆದರೆ ನೀನು ಬರೆದರೆ ಓದುತ್ತೇನೆ, ಈ ಸಲದಷ್ಟು ತಡ ಮಾಡುವುದಿಲ್ಲ.

ಇಲ್ಲಿ ಮಳೆ ನಿಂತು ಮೂರು ದಿನವಾಯಿತು. ಧಾನ್ಯದ ಹಡಗೊಂದು ಬಂದಿದೆ. ಅದರಲ್ಲಿ ರೊಡೆಲ್ ಎಂಬ ಫಿಲಿಪೀನ್ಸಿನವನಿದ್ದಾನೆ, ನನ್ನ ವಯಸ್ಸಿನವನೇ, ಮೂವತ್ತು ವರ್ಷದಿಂದ ಕಡಲಿನಲ್ಲೇ ಇದ್ದಾನೆ. ನಿನ್ನೆ ಮಧ್ಯಾಹ್ನ ಊಟದ ಮನೆಯಲ್ಲಿ ನಾವಿಬ್ಬರೇ. ನಾನು ಮಾಡಿದ ಮೀನಿನ ಸೂಪು ಕುಡಿದು ಅವನಿಗೆ ಅವನ ಹೆಂಡತಿಯ ಕೈಯಡುಗೆ ನೆನಪಾಯಿತಂತೆ. ಜೇಬಿನಿಂದ ಫೋನು ತೆಗೆದ. ನಾನು ಸೌಟು ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿದೆ.

ಅವನು ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟು ಕೇಳಿದ, "ಅಮ್ಮಾ, ನಿಮ್ಮದೊಂದು ಫೋಟೋ ತೆಗೀಲಾ? ನನ್ನ ಹೆಂಡ್ತಿಗೆ ತೋರಿಸ್ಬೇಕು. ಅವಳಿಗೊಬ್ಬಳಿಗೇ."

ಈ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ ಡೊರೀನ್. "ಬೇಡ" ಅಂದೆ.

"ಆಗ್ಲಿ" ಅಂದ. ಫೋನು ಜೇಬಿಗೆ ಹೋಯಿತು. ಯಾಕೆ ಎಂದು ಕೇಳಲಿಲ್ಲ, ಮುಖ ಸಪ್ಪೆ ಮಾಡಲಿಲ್ಲ. ಬಟ್ಟಲು ಮುಂದೆ ಚಾಚಿ ಇನ್ನಷ್ಟು ಸೂಪು ಹಾಕಿಸಿಕೊಂಡ. ನಾನೂ ಒಂದು ಬಟ್ಟಲು ತಂದು ಅವನ ಎದುರಿಗೆ ಕೂತೆ.

ಐಲಾ